ನೆಲ್ಲಿಗುಡ್ಡ ಸುಟ್ಟದ್ದು ಜಟ್ಟಪ್ಪನಲ್ಲ

ಕಾಡಿನ ಮೇಲೆ ಅಧಿಕಾರವಿದ್ದೂ ಕಾಡಿನೊಳಗೆ ಕಾಲಿಡಲು ಪುರುಸೊತ್ತಿಲ್ಲದ ಮಾನ್ಯ ಅರಣ್ಯಾಧಿಕಾರಿಗಳೇ,

ಕಳೆದ ಮಾರ್ಚ್ ಇಪ್ಪತ್ತನಾಲ್ಕರಂದು ನಮ್ಮ ನೆಲ್ಲಿಗುಡ್ಡಕ್ಕೆ ಬೆಂಕಿ ಬಿದ್ದದ್ದಕ್ಕೆ ನಮ್ಮೂರಿನ ಜಟ್ಟಪ್ಪನೇ ಕಾರಣನೆಂದು ತಾವು ವರದಿ ಕಳಿಸಿದ್ದೀರಿ. ಆ ಬೆಂಕಿಯಲ್ಲಿ ಬೆಂದು ರಂಗಪ್ಪ ಸತ್ತದ್ದಕ್ಕೂ ಅವನೇ ಹೊಣೆ ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ. ವರದಿ ಸುಳ್ಳು. ಸುಳ್ಳೆಂದು ತಮಗೂ ಗೊತ್ತಿದೆ. ಗೊತ್ತಿದ್ದೂ ತಾವು ಸಹಿ ಹಾಕಿ, ಮೊಹರು ಒತ್ತಿ, ಮಧ್ಯಾಹ್ನದ ಊಟ ಮುಗಿಸಿಕೊಂಡು ನೆಮ್ಮದಿಯಾಗಿದ್ದೀರಲ್ಲ, ಅದನ್ನು ನೆನೆದರೆ ನನಗೆ ಸಿಟ್ಟು ಬರುವುದಿಲ್ಲ. ಸಿಟ್ಟು ಬರುವ ಹಂತ ದಾಟಿ ಎರಡು ತಿಂಗಳಾಯಿತು. ಈಗ ಉಳಿದಿರುವುದು ಹೇಸಿಗೆ ಮಾತ್ರ. ಎಂಜಲೆಲೆಯ ಮೇಲೆ ಕಾಲಿಟ್ಟ ಹಾಗಾಗುತ್ತದೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ಹುಟ್ಟಿದ್ದು ಕೊಪ್ಪದ ಕಡೆಯ ಭಂಡಿಗಡಿ, ಮದುವೆಯಾಗಿ ಬಂದದ್ದು ನರಸಿಂಹರಾಜಪುರದ ಕಡೆಯ ಮೇಲಿನಹಕ್ಲು ಎಂಬ ಹನ್ನೊಂದು ಮನೆಗಳ ಊರಿಗೆ. ಮಹಿಳಾ ಮೀಸಲಾತಿಯ ದಯೆಯಿಂದ ನಾಲ್ಕು ವರ್ಷಗಳಿಂದ ಗ್ರಾಮ ಪಂಚಾಯಿತಿ ಸದಸ್ಯೆ. ನಮ್ಮೂರು ಇರುವುದು ನೆಲ್ಲಿಗುಡ್ಡದ ಮೇಲ್ಮಗ್ಗುಲಿನಲ್ಲಿ. ಗುಡ್ಡದ ಬುಡದಲ್ಲಿ ಟಾರು ರಸ್ತೆ. ರಸ್ತೆಗೂ ಊರಿಗೂ ನಡುವಿನ ಇಳಿಜಾರೆಲ್ಲ ತಮ್ಮ ಅಕೇಶಿಯಾ ಪ್ಲಾಂಟೇಶನ್ನು. ಈ ಮೂರನ್ನು ದಯವಿಟ್ಟು ನೆನಪಿನಲ್ಲಿಡಿ: ಕೆಳಗೆ ರಸ್ತೆ, ನಡುವೆ ಅಕೇಶಿಯಾ, ಮೇಲೆ ನಾವು. ಬೆಂಕಿಯ ಕಥೆ ತಿಳಿಯಲು ಇಷ್ಟು ನಕ್ಷೆ ಸಾಕು. ತಮ್ಮ ವರದಿಯಲ್ಲಿ ಇಷ್ಟೂ ಇಲ್ಲ.

ನಾನು ಈ ಊರಿಗೆ ಬಂದಾಗ ಅಲ್ಲಿ ಅಕೇಶಿಯಾ ಇರಲಿಲ್ಲ. ಅದು ಹುಲ್ಲಿನ ಗುಡ್ಡ. ಅಲ್ಲೊಂದು ನೆಲ್ಲಿ, ಇಲ್ಲೊಂದು ಮತ್ತಿ, ಬಂಡೆಯ ಪಕ್ಕ ಹೊನ್ನೆ. ದನಗಳು ಮೇಯುತ್ತಿದ್ದವು. ಬೇಸಿಗೆಗೆ ಮೊದಲು ನಾವು ಹೆಂಗಸರು ಹೋಗಿ ಉದುರಿದ ಒಣಎಲೆಯನ್ನು ಗುಡಿಸಿ, ಬುಟ್ಟಿ ತುಂಬಿ ತಂದು ಕೊಟ್ಟಿಗೆಗೆ ಹಾಸುತ್ತಿದ್ದೆವು. ಆ ಕೆಲಸಕ್ಕೆ ನಾವು ಕಾಡು ಕಾಯುವುದು ಎಂದು ಹೆಸರಿಟ್ಟಿರಲಿಲ್ಲ. ಗೊಬ್ಬರ ಮಾಡುವುದು ಎನ್ನುತ್ತಿದ್ದೆವು. ಆದರೆ ಮಾರ್ಚ್ ಬರುವ ಹೊತ್ತಿಗೆ ಗುಡ್ಡದಲ್ಲಿ ಸುಡುವಂಥದ್ದು ಹೆಚ್ಚೇನೂ ಉಳಿಯುತ್ತಿರಲಿಲ್ಲ. ಆಗಲೂ ಬೆಂಕಿ ಬೀಳುತ್ತಿತ್ತು. ಮೊಣಕಾಲೆತ್ತರ ಎದ್ದು, ಹುಲ್ಲು ನೆಕ್ಕಿ, ಬಂಡೆ ಸಿಕ್ಕಿದಲ್ಲಿ ತಾನೇ ಸಾಯುತ್ತಿತ್ತು.

ಹದಿನೈದು ವರ್ಷದ ಹಿಂದೆ ತಮ್ಮ ಹಿಂದಿನವರ ಹಿಂದಿನವರು ಬುಲ್ಡೋಜರ್ ತಂದು, ಇದು ಪಾಳು ಭೂಮಿ, ಇದನ್ನು ಹಸಿರು ಮಾಡುತ್ತೇವೆ ಎಂದರು. ಸಾಲಾಗಿ ಅಕೇಶಿಯಾ ನೆಟ್ಟರು. ದನ ನುಗ್ಗದ ಹಾಗೆ ಗುಡ್ಡದ ಸೊಂಟಕ್ಕೆ ಆಳುದ್ದದ ಟ್ರೆಂಚು ತೋಡಿದರು. ಮೇಯಿಸಿದರೆ ದಂಡ, ಎಲೆ ಗುಡಿಸಿದರೆ ಕೇಸು. ಸರಿ, ಗುಡಿಸುವುದನ್ನು ಬಿಟ್ಟೆವು. ಅಕೇಶಿಯಾ ಎಲೆಯನ್ನು ತಾವೆಂದಾದರೂ ಕೈಯಲ್ಲಿ ಹಿಡಿದು ನೋಡಿದ್ದೀರಾ? ಅದನ್ನು ಗೆದ್ದಲೂ ಬೇಗ ಮುಟ್ಟುವುದಿಲ್ಲ. ವರ್ಷದ ಎಲೆ ಮಣ್ಣಾಗುವ ಮೊದಲೇ ಮರುವರ್ಷದ್ದು ಅದರ ಮೇಲೆ. ಈಚಿನ ಎರಡು ಮೂರು ವರ್ಷ ಮಳೆಯೂ ಕೈಕೊಟ್ಟಿತು. ಈ ಬೇಸಿಗೆಯಲ್ಲಿ ಆ ತೋಪಿನೊಳಗೆ ನಡೆದರೆ ಕಾಲು ಹಿಮ್ಮಡಿ ಮುಚ್ಚುವಷ್ಟು ಹೂತು ಚರಚರ ಸದ್ದಾಗುತ್ತಿತ್ತು. ಸಿರಿಮನೆಯ ಕಡೆಯ ಹಳೆಯ ಕಾನಿನ ದಟ್ಟ ನೆರಳಿನೊಳಗೆ ನಡುಬೇಸಿಗೆಯಲ್ಲಿ ಬೇಕೆಂದೇ ಕಡ್ಡಿ ಗೀರಿ ಹಾಕಿದರೂ ನೆಲದ ತಂಪಿಗೆ ನಂದಿಹೋಗುತ್ತದೆ. ಇಲ್ಲಿ ಒಂದು ಬೀಡಿ ತುಂಡು ಸಾಕು. ಇದನ್ನು ಹಸಿರೀಕರಣ ಎಂದು ಕರೆದವರ ಭಾಷಾಜ್ಞಾನಕ್ಕೆ ಕೈಮುಗಿಯಬೇಕು.

ಊರಿನವರು ಸಾಚಾಗಳೆಂದು ನಾನು ಹೇಳುವುದಿಲ್ಲ. ಶಿಕಾರಿಗೆ ಹೋದವರು ಹಚ್ಚಿದ ಬೆಂಕಿಯನ್ನು ನಾನು ಕಂಡಿದ್ದೇನೆ. ಹೊಸ ಹುಲ್ಲು ಬರಲೆಂದು ನನ್ನ ಮೈದುನನೇ ಒಂದು ವರ್ಷ ಬೆಂಕಿ ಕೊಟ್ಟು, ಅದು ಕೈಮೀರಿ, ಮೂರು ಬಣವೆ ಹೋಗಿತ್ತು. ಅವನ ಮೇಲೆ ಕೇಸು ಹಾಕಿದ್ದರೆ ನಾನು ಬೇಡ ಎನ್ನುತ್ತಿರಲಿಲ್ಲ. ಆದರೆ ತಾವು ಕೇಸು ಹಾಕಲು ಆರಿಸಿಕೊಂಡದ್ದು ಜಟ್ಟಪ್ಪನನ್ನು.

ಜಟ್ಟಪ್ಪನಿಗೆ ಅರವತ್ತೆರಡು. ಬೆಂಕಿಯ ವಿಷಯದಲ್ಲಿ ಅವನಷ್ಟು ಹೆದರುವ ಮನುಷ್ಯನನ್ನು ನಾನು ನೋಡಿಲ್ಲ. ಹೆದರುವುದರಿಂದಲೇ ಅದನ್ನು ಬಲ್ಲವನು. ಪ್ರತಿವರ್ಷ ಡಿಸೆಂಬರಿನಲ್ಲಿ, ಹುಲ್ಲು ಅರ್ಧ ಒಣಗಿ ಅರ್ಧ ಹಸಿಯಿರುವಾಗ, ಇಬ್ಬನಿ ಇಳಿಯುವ ಹೊತ್ತು ನೋಡಿ, ಊರಿಗೂ ಪ್ಲಾಂಟೇಶನ್ನಿಗೂ ನಡುವೆ ಒಂದು ಪಟ್ಟಿಯನ್ನು ಮಾರುದ್ದ ಮಾರುದ್ದವಾಗಿ ಸುಟ್ಟು, ಸೊಪ್ಪಿನಿಂದ ಬಡಿದು ಆರಿಸಿ, ಮತ್ತೆ ಮಾರುದ್ದ ಸುಡುತ್ತಿದ್ದ. ಅವನ ಅಪ್ಪನೂ ಹಾಗೇ ಮಾಡುತ್ತಿದ್ದನಂತೆ. ಆ ಬರಿನೆಲದ ಪಟ್ಟಿಯಿಂದಾಗಿ ಕೆಳಗಿನಿಂದ ಊರಿಗೆ ಬೆಂಕಿ ಬಂದದ್ದೇ ಇಲ್ಲ. ಕಳೆದ ಡಿಸೆಂಬರಿನಲ್ಲಿ ತಮ್ಮ ಸಿಬ್ಬಂದಿ ಅವನನ್ನು ಆ ಕೆಲಸದಲ್ಲಿ ಹಿಡಿದರು. ಜೀಪಿನಲ್ಲಿ ಕೂರಿಸಿಕೊಂಡು ಹೋಗಿ ಕಚೇರಿಯ ಜಗಲಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂರಿಸಿದರು. ಅವನು ತಮ್ಮೆದುರು ನಿಂತು, "ಈಗ ಇಷ್ಟು ಸುಡ್ದಿದ್ರೆ ಬ್ಯಾಸಗೇಲಿ ಎಲ್ಲಾ ಸುಡ್ತದೆ ಸಾರ್" ಎಂದದ್ದಕ್ಕೆ ತಾವು ಕೊಟ್ಟ ಉತ್ತರವನ್ನು ಅವನು ಮನೆಗೆ ಬಂದು ನನಗೆ ಹೇಳಿದ.

"ಕಾಡು ನಿಮ್ಮಪ್ಪಂದಾ ಅಂತ ಕೇಳಿದ್ರು ನೀಲಕ್ಕ. ಎಂತ ಹೇಳದು? ಅಲ್ಲ ಸಾರ್ ಅಂದೆ."

ಹೆಬ್ಬೆಟ್ಟು ಒತ್ತಿಸಿಕೊಂಡು ಬಿಟ್ಟಿರಿ. ಆ ವರ್ಷ ಪಟ್ಟಿ ಅರ್ಧಕ್ಕೇ ನಿಂತಿತು.

ಅವನು ಮಾಡಬಾರದಾದರೆ ಇಲಾಖೆಯಾದರೂ ಮಾಡಬೇಕಲ್ಲ ಎಂದುಕೊಂಡು ಜನವರಿಯಲ್ಲಿ ನಾನು ಮನವಿ ಬರೆದುಕೊಂಡು ತಮ್ಮ ಕಚೇರಿಗೆ ಬಂದಿದ್ದೆ. ಬೆಂಕಿ ರೇಖೆಯನ್ನು, ಅಂದರೆ ಕಾಡಿನ ಅಂಚಿನಲ್ಲಿ ಎಲೆ ಸವರಿ ಸುಟ್ಟು ಬರಿದು ಮಾಡಿಡುವ ಪಟ್ಟಿಯನ್ನು, ಬೇಸಿಗೆಗೆ ಮೊದಲೇ ಮಾಡಿಸಿ ಎಂದು ಕೇಳಿದೆ. ಅನುದಾನ ಬಂದಿಲ್ಲ ಎಂದಿರಿ. ಫೆಬ್ರವರಿಯಲ್ಲಿ ಮತ್ತೆ ಬಂದೆ. ಬಂದಿಲ್ಲ ಎಂದಿರಿ. "ಬೆಂಕಿ ನಿಮ್ಮ ಅನುದಾನ ಬರೋವರೆಗೆ ಕಾಯ್ತದಾ ಸಾರ್?" ಎಂದು ಕೇಳಿದೆ. ತಾವು ನಕ್ಕು ನನಗೆ ಕಾಫಿ ತರಿಸಿದಿರಿ. ಆ ಕಾಫಿ ಕುಡಿದದ್ದಕ್ಕೆ ಈಗಲೂ ಬಾಯಿ ಕಹಿಯಾಗಿದೆ.

ಅನುದಾನ ಮಾರ್ಚ್ ಮಧ್ಯಕ್ಕೆ ಬಂತು. ಮೂವತ್ತೊಂದರೊಳಗೆ ಕೆಲಸ ಮುಗಿದು ಕಡತ ಸೇರಬೇಕು. ಹೀಗಾಗಿ ಯಾವ ಕೆಲಸವನ್ನು ಡಿಸೆಂಬರಿನ ಇಬ್ಬನಿಯಲ್ಲಿ ಮಾಡಿದ ಮುದುಕ ಅಪರಾಧಿಯಾದನೋ, ಅದೇ ಕೆಲಸವನ್ನು ಯುಗಾದಿ ಕಳೆದ ಮೂರನೇ ದಿನ, ಮಟಮಟ ಮಧ್ಯಾಹ್ನ, ಗಾಳಿಯಲ್ಲಿ, ಸರ್ಕಾರಿ ಆದೇಶದ ಪ್ರಕಾರ ಮಾಡುವುದೆಂದು ತೀರ್ಮಾನವಾಯಿತು.

ಆ ಆದೇಶ ಹೋದದ್ದು ರಂಗಪ್ಪನಿಗೆ. ನಮ್ಮೂರಿನವನೇ, ನಲವತ್ತೊಂದು ವರ್ಷದವನು, ಬೇಸಿಗೆಯ ಮೂರು ತಿಂಗಳ ಮಟ್ಟಿಗೆ ತಾವು ದಿನಗೂಲಿಗೆ ಇಟ್ಟುಕೊಂಡಿದ್ದ ಬೆಂಕಿ ವಾಚರ್. ಅವನೂ ಇನ್ನು ನಾಲ್ವರು ಆಳುಗಳೂ ಕೆಳಗಿನ ರಸ್ತೆಯ ಅಂಚಿನಲ್ಲಿ ಸೇರಿದರು. ಬೆಂಕಿ ಗುಡ್ಡ ಹತ್ತುತ್ತದೆ, ಆದ್ದರಿಂದ ಸುಡುವುದಿದ್ದರೆ ಮೇಲಿನಿಂದ ಸುಡುತ್ತ ಕೆಳಗೆ ಬರಬೇಕು. ಇದು ದನ ಕಾಯುವವರಿಗೂ ಗೊತ್ತು. ಆದರೆ ಜೀಪು ಗುಡ್ಡ ಹತ್ತುವುದಿಲ್ಲವಲ್ಲ! ಜೀಪಿನಲ್ಲಿ ತಾವಿದ್ದಿರಿ. ತಮ್ಮೊಡನೆ ಕ್ಯಾಮೆರಾ ಇತ್ತು. ಕೆಲಸ ನಡೆದದ್ದಕ್ಕೆ ಫೋಟೋ ಬೇಕಿತ್ತು.

ಮುಂದಿನದನ್ನು ರಂಗಪ್ಪ ಆಸ್ಪತ್ರೆಯಲ್ಲಿ ನನಗೆ ಹೇಳಿದ್ದಾನೆ. ಉಳಿದ ನಾಲ್ವರೂ ಅದನ್ನೇ ಹೇಳುತ್ತಾರೆ, ತಮ್ಮ ಸಿಬ್ಬಂದಿ ಪಕ್ಕದಲ್ಲಿ ಇಲ್ಲದಿದ್ದರೆ. ರಂಗಪ್ಪ, "ಗಾಳಿ ಮೇಲ್ಮುಖ ಐತೆ ಸಾರ್, ಸಂಜೆ ಮಾಡನ" ಎಂದನಂತೆ. ತಾವು, "ಸಂಜೆ ಫೋಟೋ ಬರಲ್ಲ, ಹಚ್ಚು" ಎಂದಿರಂತೆ. ಅವನು ಹಚ್ಚಿದ. ಹೊಗೆ ಎದ್ದಿತು, ಫೋಟೋ ಬಂತು, ಜೀಪು ಹೋಯಿತು. ಇಷ್ಟಾಗುವಾಗ ಹನ್ನೆರಡೂವರೆ.

ನಾನು ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದೆ. ಒಂದು ಗಂಟೆಯ ಸುಮಾರಿಗೆ ಹಪ್ಪಳದ ಮೇಲೆ ಸುಟ್ಟು ಕಪ್ಪಾದ ಎಲೆಯೊಂದು ಬಿತ್ತು. ತೆಗೆದು ಎಸೆದೆ. ಇನ್ನೊಂದು ಬಿತ್ತು. ತಲೆಯೆತ್ತಿ ನೋಡಿದರೆ ಕೆಳಗಿನ ತೋಪಿನ ಮೇಲೆ ಹಳದಿ ಹೊಗೆ. ಆಮೇಲೆ ಸದ್ದು ಕೇಳಿತು. ಗುಂಡಿಯಿಂದ ಗುಂಡಿಗೆ ಲಾರಿ ಬಿದ್ದೇಳುವಂಥ ಸದ್ದು. ಅಷ್ಟರಲ್ಲಿ ಜಟ್ಟಪ್ಪನೂ ಅವನ ಹೆಂಡತಿ ಶಂಕರಮ್ಮನೂ ಓಡಿ ಬಂದರು. ಗಂಡಸರಲ್ಲಿ ಹೆಚ್ಚಿನವರು ಪೇಟೆಗೆ, ಕೂಲಿಗೆ ಹೋಗಿದ್ದರು. ಊರಲ್ಲಿದ್ದದ್ದು ಒಂಬತ್ತು ಹೆಂಗಸರು, ಇಬ್ಬರು ಮುದುಕರು, ಮಕ್ಕಳು.

"ದನ ಬಿಡ್ರಿ, ಮಕ್ಳನ್ನ ಬಂಡೆ ಮೇಲೆ ಕಳಿಸ್ರಿ" ಎಂದ ಜಟ್ಟಪ್ಪ. "ಉಳಿದೋರು ಕತ್ತಿ, ಗುದ್ಲಿ ತಗಂಡು ದನದ ಓಣಿಗೆ ಬನ್ನಿ. ಗೋಣಿಚೀಲ ನೆನ್ಸಿ ತನ್ನಿ."

ದನದ ಓಣಿ ಎಂದರೆ ಊರಿಗೂ ತೋಪಿಗೂ ನಡುವಿನ ಕಾಲುದಾರಿ. ಅಲ್ಲಿನ ಎಲೆ ಕೆರೆದು ಎರಡು ಮಾರು ಅಗಲ ಬರಿನೆಲ ಮಾಡಿದೆವು. ಕೈಯ ಚರ್ಮ ಕಿತ್ತುಬಂತು. ಬೆಂಕಿ ಆಗಲೇ ಗುಡ್ಡದ ಸೊಂಟ ದಾಟಿತ್ತು. ಮರದ ಎತ್ತರ ಎದ್ದಿತ್ತು. ಅಷ್ಟು ಅಗಲದ ಬರಿನೆಲವನ್ನು ಅದು ಸುಲಭವಾಗಿ ಹಾರಿ ದಾಟುತ್ತದೆಂದು ನನಗೇ ಕಾಣುತ್ತಿತ್ತು. ಜಟ್ಟಪ್ಪ ಕಡ್ಡಿಪೆಟ್ಟಿಗೆ ಹಿಡಿದು ನಿಂತಿದ್ದ. ಹಚ್ಚಲಿಲ್ಲ.

"ಹಚ್ಚಿ ಜಟ್ಟಣ್ಣ!" ಎಂದು ನಾನು ಕೂಗಿದೆ.

"ತಡೀರಿ. ಈಗ ಹಚ್ಚಿದ್ರೆ ನಮ್ ಮೇಲೇ ಬತ್ತದೆ."

"ಇನ್ನೆಷ್ಟು ತಡೆಯದು ಮಾರಾಯ?"

"ಅದು ಹತ್ರ ಬಂದ್ಮೇಲೆ ಉಸಿರು ಎಳ್ಕಂತದೆ. ಅವಾಗ ಗಾಳಿ ಅದ್ರ ಕಡೆ ತಿರುಗ್ತದೆ. ತಡೀರಿ."

ಕಡ್ಡಿಯೊಂದನ್ನು ತೆಗೆದು ಪೆಟ್ಟಿಗೆಯ ಅಂಚಿಗೆ ಹಿಡಿದಿದ್ದ. ಬಾಯಲ್ಲಿ ಮಾತ್ರ "ತಡೀರಿ, ತಡೀರಿ" ಎನ್ನುತ್ತಿದ್ದ. ಮುಖದ ಮೇಲೆ ರಾಚುತ್ತಿದ್ದ ಗಾಳಿ ಒಮ್ಮೆಗೇ ನಿಂತಿತು. ಮರುಗಳಿಗೆ ನನ್ನ ಬೆನ್ನ ಹಿಂದಿನಿಂದ ಸೆರಗನ್ನು ಬೆಂಕಿಯ ಕಡೆ ಎಳೆಯಿತು. "ಈಗ!" ಎಂದವನೇ ಜಟ್ಟಪ್ಪ ಓಣಿಯ ಉದ್ದಕ್ಕೂ ಓಡುತ್ತ ಎದುರುಬೆಂಕಿ ಕೊಟ್ಟ. ಆ ಸಣ್ಣ ಬೆಂಕಿ ನಮ್ಮ ಕಡೆ ಬರದೆ ಕೆಳಕ್ಕೆ, ದೊಡ್ಡ ಬೆಂಕಿಯ ಕಡೆಗೇ ತಿಂದುಕೊಂಡು ಹೋಯಿತು. ಎರಡೂ ಕೂಡಿದಾಗ ಆಕಾಶಕ್ಕೆ ಒಮ್ಮೆ ಎದ್ದು, ತಿನ್ನಲು ಏನೂ ಉಳಿಯದೆ ಕುಸಿಯಿತು. ಹಾರಿಬಂದ ಕಿಡಿಗಳನ್ನು ನಾವು ಹೆಂಗಸರು ಒದ್ದೆ ಗೋಣಿಯಿಂದ ಬಡಿದೆವು. ಒಂದು ಕೊಟ್ಟಿಗೆ ಹೋಯಿತು. ಹನ್ನೊಂದು ಮನೆ ಉಳಿದವು. ಆಗ ಹೊತ್ತು ಮೂರು ಗಂಟೆಗೆ ಹತ್ತಿರ.

ರಂಗಪ್ಪನ ಹೆಂಡತಿ ದೇವಕಿ ನಮ್ಮ ಜೊತೆಯಲ್ಲೇ ಗೋಣಿ ಬಡಿಯುತ್ತಿದ್ದಳು. ಅಷ್ಟರಲ್ಲಿ ರಸ್ತೆಯಿಂದ ಸುತ್ತುಬಳಸಿ ಬಂದ ಆಳೊಬ್ಬ, "ರಂಗಪ್ಪ ಬರ್ಲಿಲ್ವಾ? ಬೆಂಕಿ ಕೈಮೀರಿದ್ ಕೂಡ್ಲೆ ಊರಿಗೆ ಹೇಳ್ತೀನಿ ಅಂತ ಗುಡ್ಡ ಹತ್ತಿದ್ನಲ್ಲ!" ಎಂದ.

ಜಟ್ಟಪ್ಪ ಬಿಸಿ ಬೂದಿಯೊಳಗೆ ಬರಿಗಾಲಲ್ಲಿ ಇಳಿದ. ಹೆಸರು ಕೂಗುತ್ತ ಹೋದ. ರಂಗಪ್ಪ ಸಿಕ್ಕಿದ್ದು ಟ್ರೆಂಚಿನಲ್ಲಿ. ದನ ದಾಟಬಾರದೆಂದು ತೋಡಿದ ಟ್ರೆಂಚನ್ನು ಮನುಷ್ಯನಿಗೂ ದಾಟಲಾಗಲಿಲ್ಲ. ಅದರ ತುಂಬ ವರ್ಷಗಟ್ಟಲೆಯ ಒಣಎಲೆ. ಹಾರಲು ಹೋಗಿ ಬಿದ್ದಿದ್ದಾನೆ, ಹತ್ತುವಷ್ಟರಲ್ಲಿ ಹಿಂದಿನಿಂದ ಬಂದ ಬೆಂಕಿ ಅವನ ಮೇಲಿಂದ ಹಾದಿದೆ. ಅವನನ್ನು ಬೆನ್ನ ಮೇಲೆ ಹೊತ್ತು ತಂದವನು ಜಟ್ಟಪ್ಪ. ಎರಡೂ ಕಾಲಿನ ಅಡಿ ಬೊಕ್ಕೆ ಎದ್ದಿತ್ತು. ಅದನ್ನೂ ತಮ್ಮ ವರದಿ ಬಿಟ್ಟಿಲ್ಲ: "ಆರೋಪಿಯ ಕಾಲಿನಲ್ಲಿ ಸುಟ್ಟ ಗಾಯಗಳಿದ್ದು ಕೃತ್ಯದಲ್ಲಿ ಭಾಗಿಯಾಗಿದ್ದನ್ನು ದೃಢಪಡಿಸುತ್ತವೆ."

ಪಿಕಪ್ ವ್ಯಾನಿನಲ್ಲಿ ರಂಗಪ್ಪನನ್ನು ಶಿವಮೊಗ್ಗಕ್ಕೆ ಸಾಗಿಸಿದೆವು. ಆರು ದಿನ ಬದುಕಿದ್ದ. ಮಾತು ಸ್ಪಷ್ಟವಾಗಿತ್ತು. ನಾಲ್ಕನೇ ದಿನ ಜಟ್ಟಪ್ಪ ಕುಂಟುತ್ತ ನೋಡಲು ಬಂದವನು ಬಾಗಿಲಲ್ಲೇ ನಿಂತ. ಒಳಗೆ ಬರಲಿಲ್ಲ. "ಕೇಳಿ ನೀಲಕ್ಕ, ನನ್ನ ಬೆಂಕಿಯಾ ಅವಂಗೆ ತಾಗಿದ್ದು ಅಂತ ಕೇಳಿ" ಎಂದ. ನಾನು ಕೇಳಿದೆ. ರಂಗಪ್ಪ ಕಣ್ಣು ಬಿಟ್ಟು ಹೇಳಿದ:

"ನಾ ಟ್ರೆಂಚಲ್ಲಿ ಬಿದ್ದಾಗ ಮೇಲ್ಗಡೆ ಬೆಂಕಿನೇ ಇರ್ಲಿಲ್ಲ ಅಕ್ಕ. ನನ್ನ ಸುಟ್ಟಿದ್ದು ಕೆಳಗಿಂದ ಬಂದಿದ್ದು. ನಾ ಹಚ್ಚಿದ್ದೇ. ಜಟ್ಟಣ್ಣಂಗೆ ಒಳಗ್ ಬರಕ್ಕೆ ಹೇಳಿ."

ಇದನ್ನು ಜಟ್ಟಪ್ಪ ಕೇಳಿದ. ದೇವಕಿ ಕೇಳಿದಳು. ನಾನು ಕೇಳಿದೆ. ಹೇಳಿಕೆ ಪಡೆಯಲು ತಮ್ಮ ಕಡೆಯಿಂದ ಮಾತ್ರ ಯಾರೂ ಬರಲಿಲ್ಲ. ಮಾರ್ಚ್ ಮೂವತ್ತರಂದು ಅವನು ತೀರಿಕೊಂಡ. ಅದೇ ದಿನ ಜಟ್ಟಪ್ಪನನ್ನು ಬಂಧಿಸಿದಿರಿ. ಬೆನ್ನ ಮೇಲೆ ಹೊತ್ತು ತಂದವನಿಗೆ ಹೆಣಕ್ಕೆ ಹೆಗಲು ಕೊಡಲು ಆಗಲಿಲ್ಲ.

ಇನ್ನು ನನ್ನ ಪಾಲಿನ ಹೊಲಸನ್ನೂ ಹೇಳಿಬಿಡಬೇಕು. ಬೆಂಕಿ ಬಿದ್ದ ದಿನ, ರಂಗಪ್ಪನನ್ನು ವ್ಯಾನಿಗೆ ಏರಿಸುತ್ತಿದ್ದಾಗ, ತಮ್ಮ ಸಿಬ್ಬಂದಿಯೊಬ್ಬರು ಎರಡು ಹಾಳೆ ತಂದು, "ಮೇಡಂ, ಬೆಂಕಿ ಬಿದ್ದಿದೆ ಅಂತ ಮಹಜರು, ನೀವು ಮೆಂಬರಲ್ವಾ, ಒಂದು ಸಹಿ" ಎಂದರು. ಒಂದರಲ್ಲಿ ನಾಲ್ಕು ಸಾಲಿತ್ತು, ಇನ್ನೊಂದು ಖಾಲಿ. ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದ. ದೇವಕಿ ಅಳುತ್ತಿದ್ದಳು. ನಾನು ಎರಡಕ್ಕೂ ಸಹಿ ಹಾಕಿದೆ. ನಾಲ್ಕು ವರ್ಷ ಪಂಚಾಯಿತಿಯಲ್ಲಿ ಕೂತು, ಖಾಲಿ ಹಾಳೆಗೆ ಸಹಿ ಹಾಕಬೇಡಿ ಎಂದು ಊರವರಿಗೆಲ್ಲ ಬುದ್ಧಿ ಹೇಳಿದವಳು ನಾನೇ.

ಖಾಲಿಯಿದ್ದ ಆ ಹಾಳೆಯ ನಕಲನ್ನು ಜಟ್ಟಪ್ಪನ ವಕೀಲರ ಕೈಯಲ್ಲಿ ನೋಡಿದೆ. ಮಧ್ಯಾಹ್ನ ಹನ್ನೆರಡೂವರೆಗೆ ಜಟ್ಟಪ್ಪ ಗುಡ್ಡಕ್ಕೆ ಬೆಂಕಿ ಹಚ್ಚುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆನಂತೆ! ಅವನಿಂದ ಒಂದು ಕಡ್ಡಿಪೆಟ್ಟಿಗೆಯನ್ನೂ ಅದರೊಳಗಿನ ಹದಿನೇಳು ಕಡ್ಡಿಗಳನ್ನೂ ನನ್ನ ಸಮಕ್ಷಮ ವಶಪಡಿಸಿಕೊಂಡರಂತೆ. ಕಡ್ಡಿಗಳನ್ನು ಎಷ್ಟು ಶ್ರದ್ಧೆಯಿಂದ ಎಣಿಸಿದ್ದೀರಿ! ಆ ದಿನ ಕೆಲಸಕ್ಕೆ ಕಳಿಸಿದ ಐವರಲ್ಲಿ ನಾಲ್ವರೇ ಮರಳಿದ್ದನ್ನು ಎಣಿಸಲು ಯಾರಿಗೂ ತೋಚಲಿಲ್ಲ. ತಮ್ಮ ಕಡತದಲ್ಲಿ ರಂಗಪ್ಪ ವಾಚರೂ ಅಲ್ಲ, ಆಳೂ ಅಲ್ಲ, "ಸ್ಥಳದಲ್ಲಿದ್ದ ಒಬ್ಬ ಗ್ರಾಮಸ್ಥ."

ಜಟ್ಟಪ್ಪ ಹತ್ತೊಂಬತ್ತು ದಿನ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದಿದ್ದಾನೆ. ಬೀಡಿ ಬಿಟ್ಟಿದ್ದಾನೆ. ದೇವರ ದೀಪವನ್ನೂ ಹಚ್ಚುವುದಿಲ್ಲ. ಶಂಕರಮ್ಮ ಕಡ್ಡಿ ಗೀರಿದರೆ ಎದ್ದು ಹೊರಗೆ ಹೋಗುತ್ತಾನೆ. ಮೊನ್ನೆ ನಾನು ಮಹಜರಿನ ವಿಷಯ ಅವನ ಮುಂದೆ ಒಪ್ಪಿಕೊಂಡೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ. "ನೀವು ವ್ಯಾನಿಗೆ ಅವಸ್ರದಲ್ಲಿದ್ರಿ, ನಂಗೊತ್ತು" ಎಂದ. ಬೈದಿದ್ದರೆ ವಾಸಿಯಿತ್ತು.

ಈ ನಡುವೆ ತಮ್ಮ ಕಾರ್ಯದಕ್ಷತೆಗೇನೂ ಕುಂದಿಲ್ಲ. ಮೊದಲ ಮಳೆ ಬಿದ್ದ ಕೂಡಲೇ ಸುಟ್ಟ ಇಳಿಜಾರಿನಲ್ಲಿ ಗುಂಡಿ ತೋಡಲು ಆಳುಗಳು ಬಂದರು. ಏನು ನೆಡುತ್ತೀರಿ ಎಂದು ಕೇಳಿದೆ. ಅಕೇಶಿಯಾ! ಟ್ರೆಂಚಿನ ಹೂಳು ಎತ್ತಿ ಇನ್ನಷ್ಟು ಆಳ ಮಾಡುತ್ತಾರಂತೆ. ನಾನು ಅಲ್ಲೇ ಬೇಲಿ ಹಿಡಿದುಕೊಂಡು ವಾಂತಿ ಮಾಡಿದ್ದೇನೆ. ತಮ್ಮಲ್ಲಿ ಯಾರಿಗೂ, ಯಾವ ಮೇಜಿನ ಹಿಂದೆಯೂ, ಒಮ್ಮೆಯೂ, ಇದು ಸರಿಯೇ ಎನಿಸಲಿಲ್ಲವೇ? ಅಥವಾ ಅನಿಸುವುದಕ್ಕೂ ಅನುದಾನ ಬರಬೇಕೇ?

ಆದ್ದರಿಂದ ನನ್ನ ಒತ್ತಾಯವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಜಟ್ಟಪ್ಪನ ಮೇಲಿನ ಕೇಸನ್ನು ವಾಪಸ್ ಪಡೆಯಿರಿ. ಪಡೆಯದಿದ್ದರೆ ನ್ಯಾಯಾಲಯದಲ್ಲಿ ನಿಂತು, ನನ್ನ ಸಹಿ ಖಾಲಿ ಹಾಳೆಯ ಮೇಲಿನದು ಎಂದು ನಾನೇ ಹೇಳುತ್ತೇನೆ. ಅದಕ್ಕೆ ನನಗೇನು ಶಿಕ್ಷೆಯೋ ಆಗಲಿ. ಅಂದು ತೆಗೆದ ಫೋಟೋವನ್ನು ಹಾಜರುಪಡಿಸಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದಕ್ಕೆ "ಕಡತದಲ್ಲಿ ಲಭ್ಯವಿಲ್ಲ" ಎಂಬ ಉತ್ತರ ಬಂದಿದೆ. ಒಬ್ಬ ಮನುಷ್ಯನ ಪ್ರಾಣಕ್ಕಿಂತ ಮುಖ್ಯವಾಗಿದ್ದ ಫೋಟೋ ಅಷ್ಟು ಸುಲಭವಾಗಿ ಕಳೆದುಹೋಗಬಾರದು. ರಂಗಪ್ಪ ತಮ್ಮ ಕೆಲಸದಲ್ಲಿದ್ದಾಗಲೇ, ತಮ್ಮ ಮಾತು ಕೇಳಿಯೇ, ಊರಿಗೆ ಸುದ್ದಿ ಮುಟ್ಟಿಸಲು ಓಡುವಾಗಲೇ ಸತ್ತನೆಂದು ದೇವಕಿಗೆ ಬರೆದುಕೊಡಿ. ತೋಡಿದ ಗುಂಡಿಗಳಲ್ಲಿ ನೆಲ್ಲಿ, ಮತ್ತಿ, ಹೊನ್ನೆ ನೆಡಿ. ಟ್ರೆಂಚು ಮುಚ್ಚಿ. ಒಣಎಲೆ ಗುಡಿಸಲು ನಮ್ಮನ್ನು ಬಿಡಿ.

ಇನ್ನೊಂದು ತಿಳುವಳಿಕೆ. ಬರುವ ಡಿಸೆಂಬರಿನಲ್ಲಿ, ಇಬ್ಬನಿ ಇಳಿಯಲು ಶುರುವಾದ ಮೇಲೆ, ದನದ ಓಣಿಯ ಉದ್ದಕ್ಕೂ ನಾವು ಮೇಲಿನಹಕ್ಲಿನ ಹೆಂಗಸರು ಪಟ್ಟಿ ಸುಡುತ್ತೇವೆ. ಹೇಗೆ ಸುಡಬೇಕೆಂದು ಹೇಳಿಕೊಡಲು ಜಟ್ಟಪ್ಪ ಒಪ್ಪಿಲ್ಲ; ದೂರದಲ್ಲಿ ಕೂತು ನೋಡುತ್ತೇನೆ, ತಪ್ಪಿದರೆ ಕೂಗುತ್ತೇನೆ ಎಂದಿದ್ದಾನೆ. ನಮಗೆ ಅಷ್ಟು ಸಾಕು. ಮೊದಲ ಕಡ್ಡಿ ಗೀರುವವಳು ದೇವಕಿ. ಹಾಗೆಂದು ಅವಳೇ ಕೇಳಿಕೊಂಡಿದ್ದಾಳೆ. ತಮ್ಮ ಜೀಪು ಬರಲಿ. ರಸ್ತೆಯಲ್ಲಿ ನಿಲ್ಲಿಸಿ, ಒಮ್ಮೆಯಾದರೂ ಗುಡ್ಡವನ್ನು ನಡೆದು ಹತ್ತಿ ಬನ್ನಿ.

ಇಂತಿ,
ತಮ್ಮ ಸುಳ್ಳಿಗೆ ಓದದೆ ಸಾಕ್ಷಿಯಾದ,
ಅದಕ್ಕಾಗಿ ಊರಿನವರ ಮುಖ ನೋಡಲು ನಾಚುವ
ನೀಲಾಂಬಿಕೆ
ಮೇಲಿನಹಕ್ಲು, ಜೂನ್ ೨೦೦೪